ಜೀಪಿನಲ್ಲಿ ಆಯಿಗೆ ಹಾಸಿದ ಹಾಸಿಗೆ

1976ರ ಡಿಸೆಂಬರಿನಲ್ಲಿ ಆಯಿ, ಎಂದರೆ ನನ್ನ ತಾಯಿ, ಕುಮಟಾದಲ್ಲಿ ನನ್ನ ತಂಗಿಯ ಮನೆಯ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡಳು. ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದಿದ್ದವು. ಡಾಕ್ಟರು ಎಲುಬು ಕೂಡಿಸಿ ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು.

ಆಯಿ ಭಟ್ಕಳದಲ್ಲಿ ಮೀನು ಮಾರುತ್ತಿದ್ದಳು. ಬಂದರಿನಲ್ಲಿ ಬುಟ್ಟಿ ತುಂಬಿಸಿ, ತಲೆಯ ಮೇಲೆ ಹೊತ್ತು, ಮೊದಲು ಗೊತ್ತಿನ ಮನೆಗಳಿಗೆ ಹೋಗಿ ಆಮೇಲೆ ಪೇಟೆಯಲ್ಲಿ ಕೂರುವುದು ಅವಳ ಕ್ರಮ. ನಾವಾಯತ ಮುಸ್ಲಿಮರ ಕೇರಿಯ ಹೆಂಗಸರ ಜೊತೆ ಅವರ ಮಾತಿನಲ್ಲೇ ಚೌಕಾಶಿ ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದ್ದು ಆ ಬುಟ್ಟಿ. ಆದ್ದರಿಂದ ಪ್ಲಾಸ್ಟರ್ ಒಣಗುವ ಮೊದಲೇ ಅವಳು ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: ಮತ್ತೆ ಬುಟ್ಟಿ ಹೊರಬಹುದೋ ಇಲ್ಲವೋ.

“ಎಲುಬು ಸರಿಯಾಗಿ ಕೂತಿದೆ,” ಎಂದರು ಡಾಕ್ಟರು. “ಹೀಗೇ ಕೂಡಿದರೆ ಹೊರಬಹುದು. ಜರುಗಿದರೆ ಕಾಲು ಸೊಟ್ಟಗಾಗುತ್ತದೆ. ಆಗ ಬುಟ್ಟಿಯ ಮಾತು ಬಿಟ್ಟುಬಿಡಿ.”

ತಂಗಿಯ ಮನೆಯಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಆದರೆ ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ಬೀಡುಬಿಡಬಾರದೆಂಬುದು ನಮ್ಮವರ ಪದ್ಧತಿ. ತಂಗಿಯ ಅತ್ತೆ ಎಷ್ಟು ಹೇಳಿದರೂ ಆಯಿ ಕೇಳಲಿಲ್ಲ. ಅವರು ತಟ್ಟೆ ತಂದಿಟ್ಟಾಗೆಲ್ಲ ಮುಖ ಸಣ್ಣದು ಮಾಡುತ್ತಿದ್ದಳು. ಬಿದ್ದಂದಿನಿಂದ ಅವಳು ನಿದ್ದೆ ಮಾಡಿರಲೇ ಇಲ್ಲ. ಕಣ್ಣು ಮುಚ್ಚಿದರೆ ಕಾಲು ಹಾರುತ್ತದೆ ಎನ್ನುತ್ತಿದ್ದಳು. ಡಾಕ್ಟರು ಕೊನೆಗೆ ಒಪ್ಪಿದರು: ಕರೆದುಕೊಂಡು ಹೋಗಬಹುದು, ಆದರೆ ದಾರಿಯುದ್ದಕ್ಕೂ ಮಲಗಿಯೇ ಇರಬೇಕು, ಪ್ಲಾಸ್ಟರಿನ ಕಾಲು ಎತ್ತರದಲ್ಲಿರಬೇಕು, ಮೈ ಸಡಿಲವಾಗಿರಬೇಕು. “ಮೈ ಬಿಗಿಹಿಡಿದು ಕೂತರೆ ಪ್ರತಿ ಗುಂಡಿಯೂ ಎಲುಬಿಗೇ ಹೋಗಿ ಬಡಿಯುತ್ತದೆ. ನಿದ್ದೆ ಬಂದರೆ ಎಲ್ಲಕ್ಕಿಂತ ಒಳ್ಳೆಯದು.”

ಬಸ್ಸು ಆಗದ ಮಾತು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಡಚಲಾಗದ ಕಾಲು ಹಿಡಿಸುವುದಿಲ್ಲ. ಉಳಿದದ್ದು ಮಾವನ ಜೀಪು.

ಮಾವ ಎಂದರೆ ಆಯಿಯ ತಮ್ಮ. ಕಾಸರಕೋಡದಲ್ಲಿ ಅವನಿಗೆ ಒಂದು ದೋಣಿ ಇತ್ತು. ಮಿಲಿಟರಿಯಿಂದ ಹರಾಜಿಗೆ ಬಂದ ಗಿಡ್ಡ ಜೀಪನ್ನು ಯಾರಿಂದಲೋ ಕೊಂಡು, ಮೀನಿನ ಪೆಟ್ಟಿಗೆ ಸಾಗಿಸಲು ಇಟ್ಟುಕೊಂಡಿದ್ದ. ಸುದ್ದಿ ತಿಳಿದ ಮಾರನೆಯ ದಿನ ಬೆಳಿಗ್ಗೆ ಅದರಲ್ಲೇ ಕುಮಟಾಕ್ಕೆ ಬಂದ; ನಾನು ಬಸ್ಸಿನಲ್ಲಿ ಮೊದಲೇ ಬಂದಿದ್ದೆ. ಹಿಂದೆ ಖಾಲಿ ಪೆಟ್ಟಿಗೆಗಳು, ದೋಣಿಯ ಎರಡು ಹಲಗೆ, ಮತ್ತು ಒಂದು ದೊಡ್ಡ ಹತ್ತಿ ಬಲೆ ಇದ್ದವು. ಹತ್ತಿ ಬಲೆ ಉಪ್ಪುನೀರಿನಲ್ಲಿ ಬೇಗ ಕೊಳೆಯುತ್ತದೆ. ಅದಕ್ಕೆ ಆಗಾಗ ಚೊಗರು ಕುಡಿಸಬೇಕು. ಸಂತೆಗುಳಿಯ ಪರಿಚಯದ ತೋಟದವರಲ್ಲಿ ಅಡಿಕೆ ಬೇಯಿಸಿದ ಕೆಂಪು ಒಗರು ನೀರು, ಅದೇ ಚೊಗರು, ಉಳಿದಿತ್ತು. ಮಾವ ಹಿಂದಿನ ವಾರ ಅಲ್ಲಿ ಬಲೆ ಅದ್ದಿ ಒಣಗಲು ಬಿಟ್ಟಿದ್ದ. ಆ ಬೆಳಿಗ್ಗೆ ಅಲ್ಲಿಗೂ ಹೋಗಿ ಬಲೆ ಹೇರಿಕೊಂಡೇ ಬಂದಿದ್ದ. ಊರಿನಲ್ಲಿ ಅರ್ಧದಷ್ಟು ಜನ ಆಗಲೇ ನೈಲಾನ್ ಬಲೆಗೆ ಹೋಗಿದ್ದರು. ಮಾವ ಈ ಬಲೆಯಿಂದ ಇನ್ನೊಂದು ಹಂಗಾಮು ತೆಗೆಯುವ ಲೆಕ್ಕದಲ್ಲಿದ್ದ.

ಆ ಜೀಪು ಮಲಗುವುದಕ್ಕೆ ಮಾಡಿದ್ದಲ್ಲ. ಹಿಂದಿನ ಭಾಗದಲ್ಲಿ ನಾಲ್ಕು ವರ್ಷದ ಮಗು ಕಾಲು ಚಾಚಬಹುದು, ಅಷ್ಟೆ. ಎರಡೂ ಬದಿಯಲ್ಲಿ ಚಕ್ರದ ಮೇಲಿನ ತಗಡು ಪೆಟ್ಟಿಗೆಯ ಹಾಗೆ ಎದ್ದು ನಿಂತಿದೆ. ನಡುವಿನ ಜಾಗ ಕಿರಿದು. ಮುಂದಿನ ನೆಲ ಹಿಂದಿನದಕ್ಕಿಂತ ತಗ್ಗು. ಮಾವ ಒಂದು ಸುತ್ತು ಬಂದು, ಮುಂದಿನ ಎಡಗಡೆಯ ಸೀಟಿನ ಬೋಲ್ಟು ಬಿಚ್ಚಿ ಸೀಟನ್ನು ತಂಗಿಯ ಮನೆಯ ಜಗಲಿಯಲ್ಲಿಟ್ಟ. ಈಗ ಮುಂದಿನ ಗಾಜಿನ ಕೆಳಗಿನಿಂದ ಹಿಂದಿನ ಬಾಗಿಲವರೆಗೆ ಎಡಗಡೆ ಒಂದೇ ಉದ್ದ ಸಿಕ್ಕಿತು. ಆಯಿ ಗಿಡ್ಡ. ಉದ್ದ ಸಾಕು.

ತಲೆ ಎತ್ತ ಎಂಬ ಪ್ರಶ್ನೆ ಬೇಗ ತೀರ್ಮಾನವಾಯಿತು. ಹಿಂದುಗಡೆ ಧೂಳು, ಹೊಗೆ ಒಳಗೆ ಬರುತ್ತದೆ. ಆದ್ದರಿಂದ ತಲೆ ಮುಂದಕ್ಕೆ. ತಂಗಿಯ ಅತ್ತೆ ಉತ್ತರಕ್ಕೆ ತಲೆ ಹಾಕುವಂತಿಲ್ಲ ಎಂದರು. ಕುಮಟಾದಿಂದ ಭಟ್ಕಳ ದಕ್ಷಿಣಕ್ಕಿದೆ. ಯಾರಿಗೂ ತಕರಾರು ಉಳಿಯಲಿಲ್ಲ.

ಮೊದಲು ಒಣಹುಲ್ಲು ಹರಡಿ, ಮೇಲೆ ತಂಗಿಯ ಹತ್ತಿ ಹಾಸಿಗೆ ಹಾಸಿದೆವು. ನೋಡುವುದಕ್ಕೆ ಚೆನ್ನಾಗಿತ್ತು. ನಾನು ಆಗ ಭಟ್ಕಳದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಮಾವ ಅದನ್ನೇ ನೆಪ ಮಾಡಿದ.

“ಪೇಪರಿನವ, ನೀನು ಮಲಗು. ಎಲ್ಲೆಲ್ಲಿ ನೋವಾತು ಅಂತ ವರದಿ ಕೊಡು.”

ಬಲಗಾಲಿಗೆ ಒಂದು ಒನಕೆಯನ್ನು ಪಂಚೆಯಿಂದ ಬಿಗಿದುಕೊಂಡು ಮಲಗಿದೆ. ಮಾವ ಕೇರಿಯ ಸುತ್ತ ಒಂದು ಸುತ್ತು ಹೊಡೆದ. ಮೊದಲ ತಿರುವಿನಲ್ಲಿ ಹಾಸಿಗೆ ಹುಲ್ಲಿನ ಮೇಲೆ ಜಾರಿತು. ಎರಡನೆಯದರಲ್ಲಿ ನಾನು ಚಕ್ರದ ತಗಡಿನ ಪಕ್ಕದ ಸಂದಿಗೆ ಇಳಿದೆ. ಬ್ರೇಕು ಹಾಕಿದಾಗ ಹಾಸಿಗೆ, ಒನಕೆ, ನಾನು ಮೂವರೂ ಮುಂದಕ್ಕೆ ಹೋದೆವು.

“ಎಂತ ಆತು?” ಎಂದ ಮಾವ.

“ಎಲ್ಲಾ ಕಡೆ ಆತು,” ಎಂದೆ.

ಮೆತ್ತಗಿದ್ದರೆ ಸಾಲದು, ಕೆಳಗೆ ಗಟ್ಟಿಯಾದದ್ದು ಬೇಕು ಎಂಬುದು ಸ್ಪಷ್ಟವಾಯಿತು. ಮಾವ ಪಕ್ಕದ ಹಿತ್ತಲಿನಿಂದ ಎರಡು ಉದ್ದ ಬಿದಿರು ಕಡಿದು ತಂದ. ನಡುವೆ ಅಡ್ಡ ಗಳಗಳನ್ನಿಟ್ಟು ತೆಂಗಿನ ಹುರಿಯಿಂದ ಕಟ್ಟತೊಡಗಿದ. ನಾನೂ ಕೈ ಹಾಕಿದೆ. ದೋಣಿಯವರ ಗಂಟು ಬೇಗ ಬೀಳುತ್ತದೆ, ಬಿದ್ದರೆ ಬಿಚ್ಚುವುದಿಲ್ಲ. ಅಂಗಳದಲ್ಲಿ ಚೌಕಟ್ಟು ಮುಗಿಯಿತು. ಅದರ ಮೇಲೆ ಹುಲ್ಲು ಹರಡಿ, ಬಿಳಿ ಪಂಚೆಯೊಂದನ್ನು ಎಳೆದು ಕಟ್ಟಿ, ಎರಡೂ ತುದಿ ಹಿಡಿದು ಎತ್ತಿ ನೋಡಿದೆವು. ಬಲವಾಗಿತ್ತು. ಮಾವ ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ನೀರಿಗೆಂದು ಬಂದ ಪಕ್ಕದ ಮನೆಯ ಹೆಂಗಸು ಕೊಡವನ್ನು ಕೆಳಗಿಟ್ಟು ಬಾಯಿಗೆ ಸೆರಗು ಹಿಡಿದಳು.

“ಅಯ್ಯೋ, ಯಾವಾಗ ಆತು? ನಿನ್ನೆ ಸಂಜೆ ಗಂಜಿ ಕುಡಿದಿದ್ಲಲ್ಲ!”

“ಯಾರು?” ಎಂದ ಮಾವ.

“ಅಲ್ಲ, ಚಟ್ಟ ಕಟ್ಟಿದ್ರಲ್ಲ...”

ಆಗ ನಾವು ಕೈಯಲ್ಲಿ ಹಿಡಿದದ್ದನ್ನು ನೋಡಿದೆವು. ಅದು ಚಟ್ಟವೇ. ಬಿದಿರು, ಅಡ್ಡ ಗಳ, ಹುಲ್ಲು, ಬಿಳಿ ಬಟ್ಟೆ; ಮಡಕೆಯೊಂದು ಇರಲಿಲ್ಲ. ಕೇರಿಯಲ್ಲಿ ಯಾರು ಸತ್ತರೂ ಕಟ್ಟಲು ಕರೆಯುವುದು ಮಾವನನ್ನೇ. ಕೈ ತನ್ನ ಅಭ್ಯಾಸದ ದಾರಿ ಹಿಡಿದಿತ್ತು. ಒಳಗಿನಿಂದ ಆಯಿಯ ದನಿ ಬಂತು.

“ಏ ತಮ್ಮಾ, ನಾ ಸತ್ತಿದ್ದು ನನಗೊಂದು ಮಾತು ಹೇಳೂಕೆ ಆಗ್ಲಿಲ್ವನಾ?”

“ಹಾಸಿಗೆ ಅಕ್ಕಾ, ಹಾಸಿಗೆ!”

“ಹಾಸಿಗೆ ಆದ್ರೆ ನೀನೇ ಮಲಗು. ಹೊತ್ಕಂಡು ಹೋಗೂಕೆ ನನ್ ಮಗ ಇದ್ದಾನೆ.”

ಗಂಟು ಬಿಚ್ಚುತ್ತ ಕೂರದೆ ಚೌಕಟ್ಟನ್ನು ಅಲ್ಲೇ ಕತ್ತಿಯಿಂದ ಕಡಿದೆವು. ತಂಗಿಯ ಅತ್ತೆ ಆ ಜಾಗಕ್ಕೆ ಸಗಣಿ ನೀರು ಚಿಮುಕಿಸಿದರು. ಮಧ್ಯಾಹ್ನ ದಾಟಿತ್ತು. ಹೊರಡುವುದನ್ನು ನಾಳೆಗೆ ಹಾಕೋಣ ಎಂದು ತಂಗಿ ಹೇಳಿದಳು. ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮೈ ಬಿಗಿಯಾಗಿಯೇ ಇತ್ತು. ಪ್ಲಾಸ್ಟರಿನ ಹೊರಗೆ ಕಾಣುತ್ತಿದ್ದ ಬೆರಳುಗಳನ್ನು ಮಡಚಿ ಹಿಡಿದಿದ್ದಳು.

ನಾವು ಪೆಟ್ಟಿಗೆಗಳಿಗೆ ಹೋದೆವು. ಮೀನಿನ ಪೆಟ್ಟಿಗೆಗಳನ್ನು ಬೋರಲು ಹಾಕಿದರೆ ಸರಿಯಾಗಿ ಚಕ್ರದ ತಗಡಿನ ಎತ್ತರಕ್ಕೆ ಬಂದವು. ಮುಂದಿನ ತಗ್ಗಿಗೆ ಒಂದರ ಮೇಲೊಂದು ಇಟ್ಟು, ಸಂದಿಗೆ ಗೋಣಿಚೀಲ ತುರುಕಿ, ಎಲ್ಲದರ ಮೇಲೆ ದೋಣಿಯ ಹಲಗೆ ಹಾಸಿ ಜೀಪಿನ ಕೊಂಡಿಗಳಿಗೆ ಬಿಗಿದೆವು. ತಳ ಅಲುಗಲಿಲ್ಲ. ಈಗ ಮೇಲೆ ಹಾಕುವುದಕ್ಕೆ ಜಾರದ, ತಗ್ಗು ಬೀಳದ, ಆದರೆ ಮೈಗೆ ಒಗ್ಗುವ ವಸ್ತು ಬೇಕು. ಅದು ಅಂಗಳದಲ್ಲೇ ಬಿದ್ದಿತ್ತು. ಸಮುದ್ರದಲ್ಲಿ ಮಾವ ಮಲಗುವುದೇ ಬಲೆಯ ರಾಶಿಯ ಮೇಲೆ. ದೋಣಿ ಎಷ್ಟು ಹೊಯ್ದಾಡಿದರೂ ಬಲೆ ಮನುಷ್ಯನನ್ನು ಹಿಡಿದಿಡುತ್ತದೆ ಎಂದು ಅವನೇ ಹೇಳುತ್ತಿದ್ದ.

ಆದರೂ ಅವನು ಅದರ ಹೆಸರೆತ್ತಿರಲಿಲ್ಲ. ಕಾರಣ ನನಗೂ ಗೊತ್ತಿತ್ತು. ಹೆಂಗಸರು ಬಲೆ ದಾಟುವಂತಿಲ್ಲ. ದಾಟಿದ ಬಲೆಗೆ ಮೀನು ಬೀಳುವುದಿಲ್ಲವೆಂಬುದು ನಮ್ಮ ಕೇರಿಯ ನಂಬಿಕೆ. ಆಯಿ ಹುಟ್ಟಿದಂದಿನಿಂದ ಒಂದು ಬಲೆಯನ್ನೂ ದಾಟಿದವಳಲ್ಲ. ಬಂದರಿನಲ್ಲಿ ಬಲೆ ಹರಡಿದ್ದರೆ ಬುಟ್ಟಿ ಹೊತ್ತೇ ಸುತ್ತು ಹಾಕಿ ಹೋಗುತ್ತಿದ್ದಳು.

ಬಲೆಯನ್ನೇ ಹಾಸೋಣ ಎಂದು ನಾನು ಹೇಳಿಯೇಬಿಟ್ಟೆ. ಆಯಿ ತಿರುಗಿ ನೋಡಿದಳು.

“ಬಲೆ ದಾಟದವ್ಳು ನಾನು, ಅದ್ರ ಮ್ಯಾಲೆ ಮಲಗ್ಲಾ? ನಾಳೆ ಇವನಿಗೆ ಒಂದು ತಾರ್ಲೆ ಮೀನು ಸಿಗದಿದ್ರೂ ನನ್ ಹೆಸರೇ ಹೇಳ್ತಾನೆ.”

ಮಾವ ಹೊರಗೆ ಹೋದ. ಬಲೆ ಎಳೆದುಕೊಂಡು ಕುಳಿತು, ಮೇಲಂಚಿನ ಹಗ್ಗ ಹಿಡಿದು ಬೆಂಡುಗಳನ್ನು ಒಂದೊಂದಾಗಿ ಕತ್ತರಿಸಿದ. ಆಮೇಲೆ ಕೆಳಗಿನ ಹಗ್ಗದ ಸೀಸದ ಮಣಿಗಳನ್ನು ಬಿಡಿಸಿದ. ಬೆಂಡು ಮಣಿ ಎರಡೂ ಹೋದರೆ ಬಲೆ ನೀರಿನಲ್ಲಿ ನಿಲ್ಲುವುದಿಲ್ಲ. ಮುಗಿಸಿ, ಹಗ್ಗವನ್ನೂ ಕಿತ್ತು, ಬಲೆಯನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತ.

“ಈಗ ಇದು ಬಲೆ ಅಲ್ಲ ಅಕ್ಕಾ. ಬರೇ ಹತ್ತಿ.”

ಆಯಿ ಬಲೆಯ ಕೆಂಪು ಬಣ್ಣ ನೋಡಿದಳು.

“ಹೊಸಾ ಚೊಗರು ಹಾಕ್ಸಿದ್ಯಲ್ಲಾ ಮಾರಾಯಾ.”

“ಹಾಕ್ಸಿದ್ದು ಒಳ್ಳೇದೇ ಆತು. ತಿಗಣೆ ಬರೂದಿಲ್ಲ.”

ಬಲೆಯನ್ನು ದೋಣಿಯಲ್ಲಿ ಮಡಿಸುವ ಹಾಗೆ ಉದ್ದಕ್ಕೆ ಪದರ ಪದರವಾಗಿ ಹಾಸಿದೆವು. ಸೊಂಟದ ಜಾಗದಲ್ಲಿ ಒಂದು ಪದರ ಕಡಿಮೆ, ಭುಜದ ಜಾಗದಲ್ಲಿ ಒಂದು ಹೆಚ್ಚು. ಬಲಗಾಲಿಗೆ ಭತ್ತದ ಹೊಟ್ಟು ತುಂಬಿದ ಚೀಲವಿಟ್ಟು, ಪ್ಲಾಸ್ಟರಿನ ಅಳತೆಗೆ ನಡುವೆ ಗುಳಿ ಮಾಡಿದೆವು. ಮೇಲೆ ತಂಗಿಯ ಕೌದಿ, ತಲೆಗೆ ಬೂರಲ ಹತ್ತಿಯ ದಿಂಬು. ಒನಕೆ ಕಟ್ಟಿಕೊಂಡು ನಾನು ಮತ್ತೊಂದು ಸುತ್ತು ಹೋಗಿ ಬಂದೆ. ತಿರುವಿನಲ್ಲಿ ಬಲೆ ನನ್ನನ್ನು ಬಿಡಲಿಲ್ಲ. ವರದಿ ಚಿಕ್ಕದಿತ್ತು: “ಆಗ್ತದೆ.”

ಆಯಿಯನ್ನು ಬಾಗಿಲ ಹಲಗೆಯ ಮೇಲೆ ಎತ್ತಿ ತಂದು ಜೀಪಿಗೆ ಸರಿಸಿದೆವು. ಮಲಗಿದ ಮೇಲೆ ಕೌದಿಯ ಅಂಚಿನಿಂದ ಕೈ ಕೆಳಗಿಟ್ಟು ಬಲೆಯನ್ನು ಮುಟ್ಟಿ ನೋಡಿದಳು. ಆ ಕೈ ಅಲ್ಲೇ ಇತ್ತು. ನಾನು ಬಲಗಡೆ ಚಕ್ರದ ತಗಡಿನ ಮೇಲೆ ಕೂತು ಪ್ಲಾಸ್ಟರಿನ ಪಾದ ಹಿಡಿದುಕೊಂಡೆ. ಮಾವ ಗುಂಡಿ ಕಂಡಾಗೆಲ್ಲ ಮೊದಲೇ ಕೂಗುತ್ತಿದ್ದ: “ಅಕ್ಕಾ, ತೆರೆ ಬಂತು!” ಆಯಿ “ಬಂದ್ರೆ ಬರ್ಲಿ, ನೀ ದಾರಿ ನೋಡು” ಎನ್ನುತ್ತಿದ್ದಳು. ಹೊನ್ನಾವರ ಹತ್ತಿರವಾದಂತೆ ಉತ್ತರ ಬರುವುದು ತಡವಾಯಿತು.

ಹೊನ್ನಾವರದಲ್ಲಿ ಹೊಳೆ ದಾಟಲು ಆಗ ಜಂಗಲ್ಲೇ ಗತಿ: ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಬಡಿದದ್ದು, ಗಾಡಿಗಳನ್ನು ಅದರ ಮೇಲೆ ಹತ್ತಿಸುತ್ತಿದ್ದರು. ಹತ್ತುವಾಗ ಮುಂದಿನ ಚಕ್ರ ಹಲಗೆಗೆ ಬಡಿದು ಜೀಪು ಎದ್ದು ಬಿತ್ತು. ನನ್ನ ಕೈಯಲ್ಲಿದ್ದ ಪಾದ ಅಲುಗಲಿಲ್ಲ. ಮಾವ ಎಂಜಿನ್ ನಿಲ್ಲಿಸಿದ. ಜಂಗಲ್ ದಡ ಬಿಟ್ಟು ನೀರಿನ ಮೇಲೆ ಮೆಲ್ಲಗೆ ತೂಗತೊಡಗಿತು. ಸಂಜೆಯ ಬಿಸಿಲು ಕಾಸರಕೋಡದ ಕಡೆಯಿಂದ ಓರೆಯಾಗಿ ಬೀಳುತ್ತಿತ್ತು. ಪ್ಲಾಸ್ಟರಿನ ಹೊರಗಿನ ಬೆರಳುಗಳು ಬಿಚ್ಚಿಕೊಂಡಿದ್ದನ್ನು ಮೊದಲು ನೋಡಿದವನು ನಾನು. ಆಮೇಲೆ ಗೊರಕೆ ಕೇಳಿತು.

ಮಾವ ಹಿಂದಕ್ಕೆ ಬಗ್ಗಿ ನೋಡಿದ. ಜಂಗಲ್ಲಿನವರು ಅವನ ಗುರುತಿನವರೇ; ಅವರಲ್ಲೊಬ್ಬ ಹತ್ತಿರ ಬಂದ.

“ಯಾರು, ನಿನ್ ಅಕ್ಕನಾ? ಗೊರಕೆ ಕೇಳಿ ಎಂಜಿನ್ ಬಂದ್ ಮಾಡ್ಲಿಲ್ಲ ಅಂದ್ಕಂಡೆ.”

“ಸುಮ್ನಿರಾ. ಬಿದ್ದ ಮ್ಯಾಲೆ ಮೊದಲ್ನೇ ನಿದ್ದೆ.”

ಆಚೆ ದಡ ಮುಟ್ಟಿದಾಗ ಮಾವ ಕೀಲಿಗೆ ಕೈ ಹಾಕಲಿಲ್ಲ. ಆ ಜೀಪು ಚಾಲೂ ಆಗುವಾಗ ಮಾಡುವ ಸದ್ದು ಹೊಳೆಯ ಎರಡೂ ದಡಕ್ಕೆ ಗೊತ್ತಿತ್ತು. ಜಂಗಲ್ಲಿನವರು ಹಿಂದಿನಿಂದ ಹೆಗಲು ಕೊಟ್ಟರು. ನೂಕುವಾಗ “ಐಸಾ” ಎನ್ನದೆ ಅವರಿಗೆ ಬಲ ಬರುವುದಿಲ್ಲ. ಆವತ್ತು ಅದನ್ನು ಪಿಸುಗುಟ್ಟಿದರು. ಒಬ್ಬ ನಗು ತಡೆಯಲಾಗದೆ ಕೈಬಿಟ್ಟ. ಉಳಿದವರು ಅವನನ್ನು ಸದ್ದಿಲ್ಲದೆ ಬೈದು ಜೀಪನ್ನು ದಡಕ್ಕೆ ಹತ್ತಿಸಿದರು. ರಸ್ತೆಯ ಇಳಿಜಾರು ಸಿಕ್ಕ ಮೇಲೆ ಮಾವ ಗಿಯರು ಹಾಕಿದ. ಆಯಿ ಏಳಲಿಲ್ಲ. ಶಿರಾಲಿಯ ಅಂಗಡಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಕಣ್ಣು ಬಿಟ್ಟು, ಹೊಳೆ ಬಂತೋ ಎಂದು ಕೇಳಿದಳು.

ಭಟ್ಕಳದ ಮನೆಯಲ್ಲಿ ಅವಳನ್ನು ಇಳಿಸಿದ ಮೇಲೆ ಬಲೆಯನ್ನೂ ಇಳಿಸಿ ಅವಳ ಮಂಚಕ್ಕೆ ಹಾಸಿದೆವು. ಪ್ಲಾಸ್ಟರ್ ತೆಗೆಸಲು ಕುಮಟಾಕ್ಕೆ ಹೋದದ್ದು ಅದೇ ಜೀಪಿನಲ್ಲಿ, ಅದೇ ಬಲೆಯ ಮೇಲೆ. ಆಗ ಹೋಗುವ ದಾರಿ ಉತ್ತರಕ್ಕೆ. ಆಯಿ ತಲೆ ಹಿಂದಕ್ಕೆ ಹಾಕಿಸಿಕೊಂಡು, ಧೂಳಿಗೆ ಸೆರಗು ಹೊದ್ದು ಹೋದಳು. ಎಲುಬು ನೇರವಾಗಿ ಕೂಡಿತ್ತು. ಡಾಕ್ಟರು ಮಳೆಗಾಲ ಕಳೆಯುವವರೆಗೆ ಭಾರ ಹೊರಬೇಡಿ ಎಂದರು. 1977ರ ಮಳೆಗಾಲ ಕಳೆದ ಮೇಲೆ ಅವಳು ಬಂದರಿಗೆ ಹೋಗಿ ಬುಟ್ಟಿ ತುಂಬಿಸಿಕೊಂಡಳು.

ಮಾವ ಆ ವರ್ಷ ಉಳಿದ ಹಂಗಾಮನ್ನು ಬೇರೆಯವರ ದೋಣಿಯಲ್ಲಿ ದುಡಿದು ಕಳೆದ. ಮುಂದಿನ ವರ್ಷ ನೈಲಾನ್ ಬಲೆ ತಂದ. ಹೊಸ ಬಲೆಯನ್ನು ಅಂಗಳದಲ್ಲಿ ಹರಡಿದಾಗ ನೋಡಲು ಹೋದ ಆಯಿ ಅದರ ಸುತ್ತ ಬಳಸಿಕೊಂಡು ಬಾಗಿಲು ಸೇರಿದಳು. ಜೀಪನ್ನು ಅವನು ಎಂಬತ್ತರ ದಶಕದ ನಡುವೆ ಮಾರಿದ; ಎಡಗಡೆಯ ಸೀಟು ಕೊನೆಯವರೆಗೂ ತಂಗಿಯ ಮನೆಯ ಜಗಲಿಯಲ್ಲೇ ಇತ್ತು.

1988ರ ಡಿಸೆಂಬರಿನಲ್ಲಿ ನಾನು ಮನೆಗೆ ಹೋದಾಗ ಹತ್ತಿ ಬಲೆ ಆಯಿಯ ಮಂಚದ ಮೇಲೆ, ಕೌದಿಯ ಕೆಳಗೆ ಇತ್ತು. ಅವಳು ಬುಟ್ಟಿ ಹೊತ್ತು ಪೇಟೆಗೆ ಹೋಗಿದ್ದಳು.