ಇಳಿಯುವುದನ್ನು ಕಲಿಸಿದವಳು

ಆ ಊರಿಗೆ ಬಂದ ಹೊಸದರಲ್ಲಿ ಅವಳಿಗೆ ಎಲ್ಲರಿಗಿಂತ ಮೊದಲು ಮುಖಪರಿಚಯವಾದದ್ದು ಬಡಗಿಯದು. ಬೆಳಗ್ಗೆ ಕಿಟಕಿ ತೆರೆದರೆ ಸಾಕು, ಬೀದಿಯ ಯಾವುದಾದರೊಂದು ಮನೆಯ ಮುಂದೆ ಅವನು ಬಾಗಿಲನ್ನು ಕಳಚಿ ಅಡ್ಡ ಮಲಗಿಸಿಕೊಂಡು, ಅದರ ಅಂಚನ್ನು ಉಜ್ಜುಗೊರಡಿನಿಂದ ಉಜ್ಜುತ್ತಿದ್ದ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಅವಳಿಗೂ ಗೊತ್ತಿತ್ತು. ಆದರೆ ಅದು ನಡು ಬೇಸಿಗೆ. ಇಷ್ಟೊಂದು ಬಾಗಿಲುಗಳು ಯಾಕೆ ಬಿಗಿಯಾಗುತ್ತವೆ ಎಂದು ಕೇಳಿದಾಗ ಅವನು ತಲೆಯೆತ್ತದೆ, ಮರ ಹಳೆಯದು ಎಂದಷ್ಟೇ ಹೇಳಿ ಉಜ್ಜುವುದನ್ನು ಮುಂದುವರಿಸಿದ.

ಅವಳು ತನ್ನ ದೇಶದ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸದಲ್ಲೇ ತಲೆ ನರೆಸಿಕೊಂಡವಳು. ಲಕ್ವ ಹೊಡೆದವರು, ಸೊಂಟ ಮುರಿದವರು, ಎಲ್ಲರ ಬೈಗುಳವನ್ನೂ ತಿಂದು ಎಲ್ಲರನ್ನೂ ನಡೆಸಿ ಕಳಿಸಿದವಳು. ನಿವೃತ್ತಿಯಾದ ಮೇಲೆ ಗೋಡೆ ನೋಡುತ್ತಾ ಕೂರುವುದು ಅವಳಿಂದಾಗಲಿಲ್ಲ. ಗಂಡ ಇರಲಿಲ್ಲ, ಮಗಳು ತನ್ನ ಸಂಸಾರದಲ್ಲಿ ಮುಳುಗಿದ್ದಳು. ಪರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯೊಂದಕ್ಕೆ ಹೆಸರು ಕೊಟ್ಟು, ಅವರು ಕಲಿಸಿದ ಹರಕುಮುರುಕು ಭಾಷೆಯನ್ನೇ ಬಂಡವಾಳ ಮಾಡಿಕೊಂಡು ಹೊರಟುಬಂದಿದ್ದಳು.

ಊರು ಗುಡ್ಡದ ಇಳಿಜಾರಿಗೆ ಅಂಟಿಕೊಂಡಿತ್ತು. ಒಂದು ಸಾಲಿನ ಮನೆಗಳ ಮಾಡು ಮೇಲಿನ ಸಾಲಿನ ಅಂಗಳಕ್ಕೆ ತಾಗುವಷ್ಟು ಒತ್ತೊತ್ತು. ಅವಳು ಕೆಲಸ ಮಾಡಬೇಕಿದ್ದ ಚಿಕ್ಕ ಆಸ್ಪತ್ರೆ, ಅವಳಿಗೆ ಕೋಣೆ ಕೊಟ್ಟಿದ್ದ ಮನೆ ಎರಡೂ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿದ್ದವು. ಅಲ್ಲಿಂದ, ಪಕ್ಕಕ್ಕೆ ಕಬ್ಬಿಣದ ಕಂಬಿಯಿದ್ದ ಉದ್ದನೆಯ ಕಲ್ಲು ಮೆಟ್ಟಿಲು ಕೆಳಗಿನ ರಸ್ತೆಗೆ ಇಳಿಯುತ್ತಿತ್ತು. ರಸ್ತೆಯಾಚೆ ಹಳ್ಳ, ಹಳ್ಳದಾಚೆ ಪಾಳುಬಿದ್ದ ಒಂದು ಉಗ್ರಾಣ.

ಮೊದಲ ದಿನವೇ ನಗೆಪಾಟಲಾಯಿತು. ಲಕ್ವದಿಂದ ಎಡಗಾಲು ಎಳೆಯುತ್ತಿದ್ದ ದರ್ಜಿಗೆ ಮಂಡಿ ಮಡಚಿ ಎನ್ನಲು ಹೋಗಿ, ಆ ಭಾಷೆಯಲ್ಲಿ ಎರಡು ಪದಗಳೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಮಾವನನ್ನು ಮಡಚಿ ಎಂದುಬಿಟ್ಟಳು. ಅವನು ಗಂಭೀರವಾಗಿ, ಮಾವನವರು ಆಗಲೇ ಮಡಚಿಕೊಂಡು ಮಣ್ಣಲ್ಲಿ ಮಲಗಿ ಬಹಳ ವರ್ಷವಾಯಿತು ಎಂದ. ಕೋಣೆಗೆ ಕೋಣೆಯೇ ನಕ್ಕಿತು. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ‘ಕಾಲಿನಕ್ಕ’.

ಆದರೆ ಅದೇ ಜನ ಬರಬರುತ್ತಾ ಒಂದು ವಿಚಿತ್ರ ಹಟ ಹಿಡಿದರು. ಎಲ್ಲರಿಗೂ ಮೆಟ್ಟಿಲು ಇಳಿಯುವುದನ್ನೇ ಕಲಿಯಬೇಕು. ನೆಟ್ಟಗೆ ನಿಲ್ಲಲಾರದವರಿಗೂ ಅದೇ ಬೇಕು. ಭುಜ ಹಿಡಿದುಕೊಂಡಿದೆ ಎಂದು ಬಂದ ಹೆಂಗಸು, ಭುಜ ಹೇಗಾದರೂ ಇರಲಿ, ಬೇಗ ಇಳಿಯುವುದನ್ನು ಹೇಳಿಕೊಡಿ ಎಂದಳು. ಹತ್ತುವುದು ಬೇಡವೇ ಎಂದು ಕಾಲಿನಕ್ಕ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತು ತೇಲಿಸಿಬಿಡುತ್ತಿದ್ದರು.

ಮನೆಯಲ್ಲೂ ಏನೋ ಸರಿಯಿರಲಿಲ್ಲ. ಮನೆಯೊಡತಿ ಒಳ್ಳೆಯವಳೇ, ಬಿಸಿನೀರು ಕಾಯಿಸಿಡುತ್ತಿದ್ದಳು, ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಆದರೆ ಮನೆ ದಿನದಿಂದ ದಿನಕ್ಕೆ ಖಾಲಿಯಾಗುತ್ತಿತ್ತು. ಮೊದಲು ಗೋಡೆ ಗಡಿಯಾರ ಹೋಯಿತು, ಆಮೇಲೆ ಹೊಲಿಗೆ ಯಂತ್ರ. ಒಂದು ಸಂಜೆ ಬಂದು ನೋಡಿದರೆ ಮದುವೆಯ ಫೋಟೋ ಇದ್ದ ಜಾಗದಲ್ಲಿ ಬಿಳಿಯ ಚೌಕವೊಂದೇ ಉಳಿದಿತ್ತು. ತನ್ನನ್ನು ಕಳ್ಳಿ ಎಂದುಕೊಂಡು ಸಾಮಾನು ಬಚ್ಚಿಡುತ್ತಿದ್ದಾರೆಯೇ ಎಂದು ಅವಳಿಗೆ ಅನುಮಾನ ಹುಟ್ಟಿತು. ಮನೆಯೊಡತಿಯ, ಹಾಸಿಗೆ ಹಿಡಿದಿದ್ದ ಅತ್ತೆಯೊಬ್ಬಳನ್ನು ಬಿಟ್ಟರೆ ಆ ಮನೆಯಲ್ಲಿ ಹಳೆಯದೇನೂ ಉಳಿಯಲಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಆ ಅತ್ತೆಯೇ. ಕಾಲು ನೀವಿಸಿಕೊಳ್ಳುತ್ತಾ ಮುದುಕಿ ಸಹಜವಾಗಿ ಕೇಳಿದಳು: “ಗುಡ್ಡ ಬಂದಾಗ ನನ್ನ ಯಾರು ಹೊತ್ಕೋತಾರೆ? ನೀನಾ, ನನ್ನ ಸೊಸೇನಾ?”

ಕಾಲಿನಕ್ಕನಿಗೆ ತಾನು ಮತ್ತೆ ಭಾಷೆ ತಪ್ಪಾಗಿ ಕೇಳಿಸಿಕೊಂಡೆ ಎನಿಸಿತು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ, ತಪ್ಪಾಗಿ ಕೇಳಿಸಿಕೊಂಡಿಲ್ಲ ಎಂಬುದು ಖಾತ್ರಿಯಾಯಿತು.

ಗುಡ್ಡ ಜರುಗುತ್ತಿತ್ತು. ಹಿಂದಿನ ಮಳೆಗಾಲದಿಂದಲೇ ಶುರು. ಬಾಗಿಲುಗಳು ಕಚ್ಚಿಕೊಂಡದ್ದು, ಅಂಗಳ ಸೀಳಿದ್ದು, ಬಾವಿ ಬತ್ತಿದ್ದು ಎಲ್ಲಕ್ಕೂ ಅದೇ ಕಾರಣ. ಅಧಿಕಾರಿಗಳು ಬಂದು ನೋಡಿ, ಏನೂ ಆಗುವುದಿಲ್ಲ ಎಂದು ಹೋಗಿದ್ದರು. ಹೋಗಲು ಬೇರೆ ಜಾಗವಿಲ್ಲದ ಜನ ಸಾಮಾನುಗಳನ್ನಷ್ಟೇ ನೆಂಟರ ಮನೆಗೆ ಸಾಗಿಸಿ, ಖಾಲಿ ಮನೆಗಳಲ್ಲಿ ಕಿವಿ ನೆಟ್ಟುಕೊಂಡು ಮಲಗುತ್ತಿದ್ದರು.

“ನನಗ್ಯಾಕೆ ಯಾರೂ ಹೇಳಲಿಲ್ಲ?”

“ನಿಮಗಿಂತ ಮುಂಚೆ ಒಬ್ಬರು ಬಂದಿದ್ರು. ಅವರಿಗೆ ಹೇಳಿದ್ವಿ,” ಎಂದಳು ಸೊಸೆ. “ಮಾರನೇ ದಿನಾನೇ ಬಸ್ ಹತ್ತಿದ್ರು. ತಪ್ಪು ಅನ್ನಲ್ಲ. ಆದ್ರೆ ಇವರನ್ನೆಲ್ಲ ಇಳಿಯೋ ಹಾಗೆ ಮಾಡೋರು ನಮಗೆ ಬೇಕಿತ್ತು.”

ಕಾಲಿನಕ್ಕ ಕೋಣೆಗೆ ಹೋಗಿ ಬಟ್ಟೆ ತುಂಬಿದಳು. ತನ್ನನ್ನು ಬೋನಿಗೆ ಬೀಳಿಸಿದ್ದರು ಎಂಬ ಸಿಟ್ಟಿನಲ್ಲಿ ಮಡಚದೆಯೇ ತುರುಕಿದಳು. ಅದು ಬರೀ ಸಿಟ್ಟಲ್ಲ, ಭಯವೂ ಹೌದು ಎಂಬುದು ಪೆಟ್ಟಿಗೆಯ ಬೀಗ ಹಾಕಲು ಬಾರದೆ ಹೋದಾಗ ತಿಳಿಯಿತು. ಬಸ್ಸಿನ ಹೊತ್ತಿಗೆ ಮೆಟ್ಟಿಲಿಳಿದು ರಸ್ತೆಗೆ ಬಂದು ನಿಂತಳು. ಬಸ್ಸು ಬಂತು. ಹಳ್ಳದಾಚೆಯ ಉಗ್ರಾಣವನ್ನು ನೋಡುತ್ತಾ ನಿಂತವಳನ್ನು ಚಾಲಕ ಎರಡು ಸಲ ಕೂಗಿ, ಗೊಣಗಿಕೊಂಡು ಹೊರಟುಹೋದ.

ಅಲ್ಲಿಂದ ನೇರವಾಗಿ ಆಸ್ಪತ್ರೆಯ ವೈದ್ಯನ ಮುಂದೆ ಹೋಗಿ ನಿಂತಳು. ಅವನೂ ಬಾಯಿ ಮುಚ್ಚಿಕೊಂಡವನೇ. ತನ್ನ ಹರಕು ಭಾಷೆಯಲ್ಲೇ ಅವನ ನೀರಿಳಿಸಿದಳು. ಗುಡ್ಡ ಬಂದರೂ ಹಳ್ಳ ದಾಟಲಾರದು, ಆದ್ದರಿಂದ ವ್ಯಾಯಾಮದ ಕೋಣೆ ಉಗ್ರಾಣಕ್ಕೆ ಹೋಗಬೇಕು, ನಡೆಯಲಾರದವರೆಲ್ಲ ಹಗಲೂ ರಾತ್ರಿ ಅಲ್ಲೇ ಇರಬೇಕು. ಇಲ್ಲವಾದರೆ ತಾನಿಲ್ಲಿ ಇರುವುದಿಲ್ಲ. ಮೇಲಿನವರಿಂದ ಅನುಮತಿ ಬರಬೇಕು ಎಂದು ಅವನು ರಾಗ ಎಳೆದ. ಮಾತು ಮುಗಿಯುವ ಮುಂಚೆ ದರ್ಜಿ ಆಗಲೇ ಕುರ್ಚಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಟಿದ್ದ.

ಮುದುಕಿಯನ್ನು ಬಡಗಿ ಬೆನ್ನ ಮೇಲೆ ಹೊತ್ತು ತಂದ. ಉಳಿದವರು ಒಂದೊಂದೇ ಮೆಟ್ಟಿಲು ಕೂತು, ನಿಂತು, ಶಪಿಸಿಕೊಂಡು ಇಳಿದರು. ಎಲ್ಲರಿಗಿಂತ ಚೆನ್ನಾಗಿ ಇಳಿದವನು ದರ್ಜಿ. ಅವಳ ಕೈಯಲ್ಲಿ ಪಳಗಿದವರಲ್ಲಿ ಅವನೇ ಜಾಣ. ಇಳಿಯುವುದನ್ನು ಅವಳಿಂದ ಕಲಿತ, ಹತ್ತುವುದನ್ನು ತನ್ನಷ್ಟಕ್ಕೆ ತಾನೇ ಕಲಿತ.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವನು, ದೊಡ್ಡ ಕತ್ತರಿ ಮೇಲಿನ ಸಾಲಿನ ಮನೆಯಲ್ಲೇ ಉಳಿದಿದೆ, ತಂದುಬಿಡುತ್ತೇನೆ ಎಂದು ಹೊರಟ. ಬೇಡ ಎನ್ನಬೇಕೆಂದು ಕಾಲಿನಕ್ಕ ಬಾಗಿಲವರೆಗೆ ಬಂದಳು. ಹೆಗಲು ನೆಟ್ಟಗಿಟ್ಟುಕೊಂಡು, ಎಡಗಾಲನ್ನು ತಡವರಿಸದೆ ಎತ್ತಿಡುತ್ತಾ ಅವನು ಹತ್ತುತ್ತಿದ್ದ. ಆ ಕಾಲನ್ನು ನೋಡುತ್ತಾ ಅವಳಿಗೆ ಎದೆ ತುಂಬಿ ಬಂತು. ಕೂಗಲಿಲ್ಲ.

ಗುಡ್ಡ ಬಂದಾಗ ಅವಳು ಊಹಿಸಿಕೊಂಡಿದ್ದ ಗುಡುಗಿನಂಥ ಸದ್ದು ಬರಲೇ ಇಲ್ಲ. ಗೋಣಿಚೀಲ ಬಿಚ್ಚಿ ಧಾನ್ಯ ಸುರಿದಂತೆ ಉದ್ದಕ್ಕೆ ಒಂದು ಸರಸರ ಸದ್ದು, ಅಷ್ಟೇ. ಧೂಳು ಇಳಿದ ಮೇಲೆ ನೋಡಿದರೆ ಮೇಲಿನ ಸಾಲುಗಳು ಇರಲಿಲ್ಲ. ಆಸ್ಪತ್ರೆ ಇರಲಿಲ್ಲ, ಅವಳ ಕೋಣೆ ಇರಲಿಲ್ಲ. ಮೆಟ್ಟಿಲು ಅರ್ಧದವರೆಗೆ ಹೋಗಿ ಮಣ್ಣೊಳಗೆ ನುಗ್ಗಿತ್ತು. ಆ ಸಾಲುಗಳ ಉಳಿದವರು, ವೈದ್ಯನೂ ಸೇರಿ, ಆ ಹೊತ್ತಿಗೆ ಉಗ್ರಾಣದಲ್ಲೋ ಕೆಳಗೆ ಕೆಲಸದಲ್ಲೋ ಇದ್ದುದರಿಂದ ಬದುಕಿಕೊಂಡರು. ಅವನೊಬ್ಬ ಸಿಗಲಿಲ್ಲ.

ಸಂಜೆ ದರ್ಜಿಯ ಹೆಂಡತಿ ಉಗ್ರಾಣದ ಗೋಡೆಗೆ ಒರಗಿ ಕೂತಿದ್ದಳು. ಕಾಲಿನಕ್ಕ ಪಕ್ಕದಲ್ಲಿ ಕೂತಳು. ಹೇಳಬೇಕಾದ ಮಾತು ಆ ಭಾಷೆಯಲ್ಲಿ ಅವಳಿಗೆ ಬರುತ್ತಿರಲಿಲ್ಲ. ತನ್ನದರಲ್ಲೂ ಬರುತ್ತಿತ್ತೋ ಇಲ್ಲವೋ. ಆ ಹೆಂಗಸೇ ಕೇಳಿದಳು.

“ಹತ್ತೋವಾಗ ಕಂಬಿ ಹಿಡ್ಕೊಂಡಿದ್ರಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದಳು ಕಾಲಿನಕ್ಕ. “ಹಿಡೀದೇ ಹತ್ತಿದ್ರು.”

ದರ್ಜಿಯ ಹೆಂಡತಿ ತಲೆಯಾಡಿಸಿ, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಆಮೇಲೆ ಸರಿದು, ಕಾಲಿನಕ್ಕನಿಗೂ ಗೋಡೆಗೆ ಒರಗಲು ಜಾಗ ಬಿಟ್ಟಳು.