ಪುಕ್ಕಟೆ ಹೂಂ

ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ ನನಗೆ ತಿಳಿಯದು. ಹುಳು ಪೊರೆ ಬಿಡುವ ಮುನ್ನ ಮಲಗುವ ನಿದ್ದೆಗೆ ನಮ್ಮ ಕಡೆ ಜ್ವರವೆನ್ನುತ್ತಾರೆ. ಅದರಿಂದ ಎದ್ದಾಗ ಅವಕ್ಕೆ ಎಂಥ ಹಸಿವೆಂದರೆ, ಹುಳು ಮನೆಯ ಬಾಗಿಲಲ್ಲಿ ನಿಂತವರಿಗೆ ಹೆಂಚಿನ ಮೇಲೆ ತುಂತುರು ಬಿದ್ದಂತೆ ಸರಸರ ಕೇಳಿಸುತ್ತದೆ. ನಮ್ಮ ಅತ್ತಿಗೆ ಮುನಿರತ್ನಮ್ಮನಿಗೆ ಆ ಸದ್ದೆಂದರೆ ಪ್ರಾಣ. ಕಳೆದ ಬೆಳೆಯಲ್ಲಿ ಅದು ರಾತ್ರಿ ಬೆಳಗಾಗುವುದರೊಳಗೆ ನಿಂತುಹೋಯಿತು, ಒಬ್ಬನ ಬಾಯಿಂದ ಬಂದ ಒಂದು ಹೂಂನಿಂದಾಗಿ.

ನಂದಗುಡಿ ಹೋಬಳಿಯ ನಮ್ಮೂರಿನಲ್ಲಿ ಅತ್ತಿಗೆಯ ಹಿಪ್ಪುನೇರಳೆ ತೋಟಕ್ಕೂ ನಮ್ಮ ಚಿಕ್ಕಪ್ಪನ ಮಗ ನಾಗೇಶನ ಟೊಮೆಟೊ ತೋಟಕ್ಕೂ ನಡುವೆ ಇರುವುದು ಒಂದು ಬದು. ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ತೇಲಿಬಂದು ಸೊಪ್ಪಿನ ಮೇಲೆ ಕೂತರೆ, ಅದನ್ನು ತಿಂದ ಹುಳು ಉಳಿಯುವುದಿಲ್ಲ. ಆದ್ದರಿಂದ ಹುಳು ಇಟ್ಟವರು ಬೇಡವೆಂದರೆ ಪಕ್ಕದವರು ಔಷಧಿ ಹೊಡೆಯದೆ ತಡೆಯುವುದು ನಮ್ಮಲ್ಲಿ ರೂಢಿ. ಇದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಬದುವಿನ ಮೇಲೆ ನಿಂತು ಹೂಂ ಎಂದರೆ ಮುಗಿಯಿತು. ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಹೊಡೆಯಬೇಡವೆಂದು ಅತ್ತಿಗೆ ಹೋಗಿ ಹೇಳಿದರು. ನಾಗೇಶ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನಿಂದ ತಲೆಯನ್ನೂ ಎತ್ತದೆ, ಹೂಂ ಅತ್ತಿಗೆ ಎಂದ. ಮಾರನೆಯ ಬೆಳಗ್ಗೆ ಔಷಧಿ ಹೊಡೆದ. ಅದು ತಿಳಿಯದೆ, ಆ ಹೂಂ ನಂಬಿದ ಅತ್ತಿಗೆ ಆ ದಿನವೇ ಸಂಜೆ ಬದುವಿನ ಪಕ್ಕದ ಸೊಪ್ಪನ್ನೇ ಕೊಯ್ದು ತಂದು ಹಾಕಿದರು. ಬೆಳಗಾಗುವಷ್ಟರಲ್ಲಿ ಹುಳುಗಳು ತಲೆ ಕೊಡವಿ, ಹಸಿರು ನೀರು ಕಕ್ಕಿ ಸತ್ತಿದ್ದವು.

ಹೀಗೆ ಪುಕ್ಕಟೆ ಹೂಂ ಹಂಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊಟಕ್ಕೆ ಕೂತ ಗಂಡ ಹೆಂಡತಿಗೆ ಹೂಂ ಎನ್ನುತ್ತಾನೆ, ಸ್ಕೂಲಿನಿಂದ ಬಂದು ಏನೋ ಹೇಳಹೊರಟ ಮಗುವಿಗೆ ತಾಯಿ ಹೂಂ ಎನ್ನುತ್ತಾಳೆ, ಮೊಣಕಾಲು ನೋವೆಂದ ಮುದುಕಿಗೆ ಮನೆಮಂದಿಯೆಲ್ಲ ಹೂಂ ಎನ್ನುತ್ತಾರೆ, ಆದರೆ ಆಮೇಲೆ ಕೇಳಿ ನೋಡಿ, ಒಬ್ಬರಿಗೂ ಒಂದಕ್ಷರ ನೆನಪಿರುವುದಿಲ್ಲ. ಈಗ ಪುರುಸೊತ್ತಿಲ್ಲ ಹೋಗು ಎಂದು ಗದರಿಸಿದರೂ ವಾಸಿ, ಬಂದವರು ಮಾತನ್ನು ಕಟ್ಟಿಕೊಂಡು ಹೋಗಿ ಇನ್ನೊಮ್ಮೆ ತಂದಾರು. ಹೂಂ ಎಂದವರ ಮುಂದೆ ಮತ್ತೆ ಏನು ಹೇಳುವುದು? ಪಾಪ, ಹೇಳಿದವರು ಭಾರ ಇಳಿಯಿತೆಂದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಾರೆ.

ಹುಳು ಸತ್ತ ಸುದ್ದಿ ತಿಳಿದು ನಾಗೇಶ ಬಂದ. ಕೆಟ್ಟವನಲ್ಲ, ಸತ್ತ ಹುಳುಗಳನ್ನು ಕಂಡು ಅವನ ಕಣ್ಣಲ್ಲೂ ನೀರಾಡಿತು. ಹಾಡು ಹಾಕಿಕೊಂಡಿದ್ದೆ, ನೀವು ಹೇಳಿದ್ದು ಕಿವಿಗೆ ಬೀಳಲೇ ಇಲ್ಲ ಎಂದ. ಅತ್ತಿಗೆ ದನಿ ಏರಿಸಲಿಲ್ಲ.

“ಕೇಳಿಸ್ಲಿಲ್ಲ ಅಂದಿದ್ರೆ ಇನ್ನೊಂದ್ಸಲ ಹೇಳ್ತಿದ್ದೆ ಕಣಪ್ಪ. ನೀನು ಹೂಂ ಅಂದ್ಬಿಟ್ಟೆ.”

ಈಗ ಹೊಸ ಹುಳು ತಂದಿದ್ದಾರೆ. ಮೊನ್ನೆ ನನ್ನನ್ನು ಕರೆದು, ಕೈಕಾಲು ತೊಳೆಯದೆ ಯಾರನ್ನೂ ಹುಳು ಮನೆಯೊಳಗೆ ಬಿಡಬೇಡ, ಬಿಸಿಲು ಇಳಿದ ಮೇಲೆ ಕಿಟಕಿ ತೆಗೆ ಎಂದರು. ಅವರ ಮುಖವನ್ನೇ ನೋಡುತ್ತ, ಕೊನೆಯವರೆಗೂ ಕೇಳಿ, ಹೂಂ ಎಂದೆ. ಅವರು ಕದಲಲಿಲ್ಲ.

“ನಾನೇನಂದೆ, ಹೇಳಪ್ಪ ನೋಡಾನ.”

ಅವರು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಇಲ್ಲಿಯವರೆಗೆ ನನ್ನದೊಂದು ಹೂಂ ಇದ್ದರೆ ಅವರಿಗೆ ಸಾಕಿತ್ತು. ತಲೆ ನರೆತ ನಾನು ಪಾಠ ಒಪ್ಪಿಸುವ ಮಗುವಿನಂತೆ ನಿಂತು ಅವರ ಒಂದೊಂದು ಮಾತನ್ನೂ ತಿರುಗಿ ಹೇಳಿದೆ. ಅದಾದ ಮೇಲೆಯೇ ಅವರು ಒಳಗೆ ಹೋದದ್ದು. ನಾಗೇಶನ ಆ ಹೂಂಗೆ ಸತ್ತದ್ದು ಹುಳುಗಳಷ್ಟೇ ಎಂದುಕೊಂಡಿದ್ದೆ ನಾನು.