ಹೊಲಿಗೆ ಟೀಚರೂ ನನ್ನ ಮೀಸೆಯೂ

ಹೊಲಿಗೆ ಟೀಚರ ಎಡಗೈ ಸದಾ ಗದ್ದದ ಮೇಲೆಯೇ ಇರುತ್ತಿತ್ತು. ಬಲಗೈಯ ನಡುಬೆರಳಿಗೆ ಸೂಜಿ ಚುಚ್ಚದಂತೆ ಹಾಕುವ ತಗಡಿನ ಟೊಪ್ಪಿ. ಅದರಿಂದ ಮೇಜಿಗೆ ಟಕ್ ಟಕ್ ಎಂದು ಬಡಿದರೆ ಕ್ಲಾಸು ಸುಮ್ಮನಾಗಬೇಕು. ಎಡಗೈ ಮಾತ್ರ ಹೆಬ್ಬೆರಳನ್ನು ಒಂದು ಕೆನ್ನೆಗೆ, ಉಳಿದ ಬೆರಳುಗಳನ್ನು ಇನ್ನೊಂದು ಕೆನ್ನೆಗೆ ಆನಿಸಿ ಗದ್ದವನ್ನು ಪೂರ್ತಿ ಮುಚ್ಚಿಕೊಂಡಿರುತ್ತಿತ್ತು. ಏನೋ ದೊಡ್ಡ ಆಲೋಚನೆಯಲ್ಲಿದ್ದಾರೆಂದು ನಾವು ತಿಳಿದಿದ್ದೆವು. ಅವರು ಆಚೆ ಹೋದ ಕೂಡಲೇ ನಾನು ಹಾಗೆಯೇ ಕೈ ಇಟ್ಟು, ಅವರಂತೆಯೇ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿಯೇ ಇದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಿ. ಹೆಸರು ಮಾತ್ರ ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ.

ಅದು ಐವತ್ತರ ದಶಕದ ಮೂಡುಬಿದಿರೆ. ಟೀಚರಿಗೆ ಆಗ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಬಸದಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ನಾವು ಕಸೂತಿ ಹಾಕಿ ಕೊಂಡುಹೋದರೆ ಅದರ ಹೂವನ್ನು ನೋಡುತ್ತಲೇ ಇರಲಿಲ್ಲ. "ಎದುರು ಎಲ್ಲರೂ ಚಂದ ಮಾಡ್ತಾರೆ. ಹಿಂಬದಿ ತೋರಿಸು" ಎನ್ನುವರು. ಹಿಂಬದಿಯಲ್ಲಿ ಗಂಟು ಕಂಡರೆ "ಬಿಚ್ಚು, ಪುನಃ ಹೊಲಿ" ಎಂದು ಬಟ್ಟೆಯನ್ನು ವಾಪಸು ಕೊಡುವರು. ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಒಮ್ಮೆಗೆ ಮುಗಿಯುತ್ತಿತ್ತು.

ಊರಿನವರಿಗೆ ಅವರ ಮೇಲೆ ಒಂದೇ ದೂರು. ಯಾರ ಮನೆಯಲ್ಲೂ ರಾತ್ರಿ ನಿಲ್ಲುವವರಲ್ಲ. ಅಳದಂಗಡಿಯ ಕಡೆಯ ಮದುವೆಗೆ ಹೋದರೂ ಊಟ ಮುಗಿಸಿ ಸಂಜೆಯ ಬಸ್ಸಿಗೆ ಹೊರಟೇಬಿಡುವರು. ಶಾಲೆಯಿಂದ ಎರಡು ದಿನದ ಪ್ರವಾಸವಿದ್ದರೆ ಹುಡುಗಿಯರ ಜೊತೆಗೆ ಬರಲು ಒಪ್ಪುತ್ತಿರಲಿಲ್ಲ. "ಅವರಿಗೆ ನಮ್ಮ ಚಾಪೆಯಲ್ಲಿ ನಿದ್ರೆ ಬರ್ಲಿಕ್ಕಿಲ್ಲ" ಎಂದು ಹೆಂಗಸರು ಮೂಗು ಮುರಿಯುತ್ತಿದ್ದರು. ಜಂಬವೆಂದೇ ಎಲ್ಲರ ತೀರ್ಮಾನ. ನನ್ನದೂ ಅದೇ.

ಇನ್ನು ನನ್ನ ಮೀಸೆಯ ವಿಷಯ. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ನನ್ನ ಮೇಲ್ತುಟಿಯ ಮೇಲೆ ಮೆತ್ತನೆಯ ಕಪ್ಪು ರೋಮ ಕಾಣಿಸಿಕೊಂಡಿತು. ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಮೀಸೆ ಬೇಗ ಬರಲಿ ಎಂದು ಪೇಟೆಯಿಂದ ಸೇಫ್ಟಿ ರೇಜರ್ ತಂದು ಬೋಳು ತುಟಿಯನ್ನೇ ದಿನವೂ ಬೋಳಿಸುತ್ತಿದ್ದ. ಅವನೇ ಒಂದು ದಿನ ಊಟಕ್ಕೆ ಕುಳಿತಾಗ, "ನನಗಿಂತ ಮೊದಲು ಇವಳಿಗೆ ಬಂತಲ್ಲ ಮಾರಾಯ್ರೆ!" ಎಂದ. ಅಪ್ಪನೂ ನಕ್ಕರು. ಮರುದಿನ ಅವನು ಹೊಳೆಗೆ ಹೋದ ಸಮಯ ನೋಡಿ ಅವನ ರೇಜರಿನಿಂದಲೇ ಎಲ್ಲವನ್ನೂ ತೆಗೆದುಬಿಟ್ಟೆ. ತುಟಿಯ ಅಂಚಿನಲ್ಲಿ ಸ್ವಲ್ಪ ಕೊಯ್ದಿತು.

ಆ ಗಾಯವೇ ಅಜ್ಜಿಗೆ ಎಲ್ಲವನ್ನೂ ಹೇಳಿತು.

"ಅಯ್ಯೋ ದೇವರೇ, ಎಂಥ ಕೆಲಸ ಮಾಡಿದೆ ಮಗಾ! ಇನ್ನು ಗಂಡಸರ ಹಾಗೆ ದಪ್ಪ ಬರ್ತದೆ. ಶಿಶುವಿನ ತಲೆ ಬೋಳಿಸುವುದು ಯಾಕೆ ಅಂತ ಗ್ರಹಿಸಿದ್ದಿ? ಕೂದಲು ದಪ್ಪ ಬರ್ಲಿ ಅಂತ ಅಲ್ವಾ? ಬೆಳ್ತಂಗಡಿಯವರು ಬಂದರೆ ಯಾವ ಮುಖ ತೋರಿಸ್ತಿ?"

ಬೆಳ್ತಂಗಡಿಯವರು ಎಂದರೆ ಪರೀಕ್ಷೆ ಮುಗಿದ ಮೇಲೆ ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು. ಅಜ್ಜಿಯ ಮಾತನ್ನು ನಾನು ನಂಬಲಿಲ್ಲ, ಮೂರು ದಿನದವರೆಗೆ. ನಾಲ್ಕನೆಯ ದಿನ ಬೆರಳು ಆಡಿಸಿದರೆ ಚುಚ್ಚಿತು. ಕನ್ನಡಿಯಲ್ಲಿ ಕಪ್ಪು ಚುಕ್ಕೆಗಳು ಮೊದಲಿಗಿಂತ ಹೆಚ್ಚಾಗಿ ಕಂಡವು. ಅಂದಿನಿಂದ ಶಾಲೆಗೆ ಹೋಗುವುದನ್ನು ಬಿಟ್ಟೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಮೂಲೆ ಹಿಡಿದೆ. ಪಬ್ಲಿಕ್ ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು. "ಹೋಗದಿದ್ದರೆ ಬೇಡ, ಕಲಿತದ್ದು ಸಾಕು" ಎಂದರು ಅಪ್ಪ. ಅವರಿಗೂ ಇಂಥದೊಂದು ನೆಪ ಬೇಕಿತ್ತೆಂದು ಕಾಣುತ್ತದೆ. ನನಗಂತೂ ಓದಬೇಕೆಂಬ ಆಸೆ ತುಂಬ ಇತ್ತು. ಆದರೂ ಆ ಮುಖ ಹೊತ್ತು ಕ್ಲಾಸಿಗೆ ಹೋಗುವುದಕ್ಕಿಂತ ಬಾವಿಗೆ ಹಾರುವುದೇ ಸುಲಭ ಎನಿಸುತ್ತಿತ್ತು.

ಹನ್ನೊಂದನೆಯ ದಿನ ಶಾಲೆ ಬಿಟ್ಟ ಮೇಲೆ ಹೊಲಿಗೆ ಟೀಚರ್ ಕೊಡೆ ಹಿಡಿದು ಎರಡು ಮೈಲು ನಡೆದು ನಮ್ಮ ಮನೆಗೆ ಬಂದರು. ಅಜ್ಜಿ ಬೆಲ್ಲ ನೀರು ಕೊಟ್ಟು, "ಅವಳಿಗೆ ಹೊಟ್ಟೆನೋವು ಟೀಚರೆ" ಎಂದರು.

ಟೀಚರ್ ನನ್ನನ್ನು ನೋಡಿ, "ಹೊಟ್ಟೆನೋವಿಗೆ ಬಾಯಿ ಯಾಕೆ ಮುಚ್ಚುವುದು?" ಎಂದರು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಎದ್ದರು. "ಬಾ, ಬಾವಿಕಟ್ಟೆಯ ಹತ್ತಿರ ಹೋಗುವ. ಕೈಕಾಲು ತೊಳೀಬೇಕು."

ಬಾವಿಕಟ್ಟೆಯಲ್ಲಿ ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಅವರು ಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಎಡಗೈಯನ್ನು ಗದ್ದದಿಂದ ತೆಗೆದರು. ನನ್ನ ಬೆರಳುಗಳನ್ನು ಹಿಡಿದು ಅಲ್ಲಿಗೆ ಒತ್ತಿಕೊಂಡರು.

ಒರಟಾಗಿತ್ತು. ಅಪ್ಪನ ಕೆನ್ನೆಯ ಹಾಗೆ.

"ಬೆಳಿಗ್ಗೆ ತೆಗೆದದ್ದು. ಈಗ ಐದು ಗಂಟೆ" ಎಂದರು. "ಇಪ್ಪತ್ತು ವರ್ಷ ಆಯ್ತು, ಒಂದು ದಿನ ಬಿಟ್ಟದ್ದಿಲ್ಲ. ಬೋಳಿಸಿದರೆ ದಪ್ಪ ಬರುವುದಾದರೆ ನನಗೆ ಇಷ್ಟರಲ್ಲಿ ಹೊಕ್ಕುಳಿನವರೆಗೆ ಗಡ್ಡ ಇರಬೇಕಿತ್ತು ಮಾರಾಯ್ತಿ."

ನನ್ನ ಅಳು ನಿಂತುಹೋಯಿತು.

"ಮತ್ತೆ ನಿಮಗೆ ಹೀಗೆ ಬಂದದ್ದು?"

"ರೇಜರ್ ಮುಟ್ಟುವ ಮೊದಲೇ ಬಂದದ್ದು. ಕೆಲವರಿಗೆ ಬರ್ತದೆ. ನಾನೂ ನಿನ್ನ ಅಜ್ಜಿ ಹೇಳಿದ್ದನ್ನೇ ನಂಬಿ ಐದು ವರ್ಷ ಚಿಮುಟದಲ್ಲಿ ಒಂದೊಂದೇ ಕಿತ್ತೆ. ಚರ್ಮ ಹುಣ್ಣಾಯ್ತು. ಕಡೆಗೆ ಒಂದು ಬದಿ ಮಾತ್ರ ಬೋಳಿಸಿದೆ, ಇನ್ನೊಂದು ಬದಿ ಹಾಗೇ ಬಿಟ್ಟೆ. ಬೇಸಿಗೆ ರಜೆ, ಮನೆಯ ಬಾಗಿಲು ತೆಗೀಲಿಲ್ಲ. ರಜೆ ಮುಗಿಯುವಾಗ ಎರಡು ಬದಿಯ ಕೂದಲನ್ನೂ ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿದೆ. ವ್ಯತ್ಯಾಸ ಇಲ್ಲ."

"ಆದ್ರೆ ಚುಚ್ಚುತ್ತದಲ್ಲ ಟೀಚರ್?"

ಅವರು ಸೊಂಟದ ಚೀಲದಿಂದ ನೂಲಿನ ಉಂಡೆ ತೆಗೆದು ಒಂದು ಎಳೆಯನ್ನು ಹಲ್ಲಿನಿಂದ ಕಡಿದರು. "ಕಡಿದ ತುದಿ ಮೊಂಡು. ಮುಟ್ಟಿದರೆ ತಾಗ್ತದೆ. ಹಾಗಂತ ನೂಲು ದಪ್ಪ ಆಯ್ತಾ? ನೀನು ತುದಿ ಕಡಿದದ್ದು ಉಂಡೆಗೆ ಹೇಗೆ ಗೊತ್ತಾಗ್ತದೆ, ಹೇಳು? ಉದ್ದ ಬಂದ ಮೇಲೆ ಮೆತ್ತಗಾಗ್ತದೆ, ನೋಡ್ತಾ ಇರು. ನಿನ್ನ ಅಣ್ಣ ಒಂದು ವರ್ಷದಿಂದ ಬೋಳಿಸ್ತಾ ಇದ್ದಾನಲ್ಲ. ಬಂತಾ ಅವನಿಗೆ?"

ನನಗೆ ನಗು ಬಂತು. ಅವರೂ ನಕ್ಕರು. ಮುಚ್ಚದ ಮುಖದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದು ನನ್ನ ತಮ್ಮನಿಗೂ ಗೊತ್ತಿಲ್ಲ. ನಿನಗೂ ನನಗೂ ಮಾತ್ರ" ಎಂದು ಕೈಯನ್ನು ಪುನಃ ಗದ್ದಕ್ಕೆ ಇಟ್ಟುಕೊಂಡರು. "ನಾಳೆ ಶಾಲೆಗೆ ಬಾ."

ಹೋದೆ. ದಪ್ಪ ಬರುವುದಿಲ್ಲವೆಂದು ನಿನಗೆ ಹೇಳಿದ್ದು ಯಾರು ಎಂದು ಅಜ್ಜಿ ಹತ್ತು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ತಿಂಗಳು ಕಳೆಯುವಾಗ ತುಟಿಯ ರೋಮ ಮೊದಲಿನಂತೆಯೇ ಮೆತ್ತಗಾಯಿತು. ಬೋಳಿಸಿ ಪ್ರಯೋಜನವಿಲ್ಲವೆಂದು ತಿಳಿದ ಅಣ್ಣನಿಗೆ ಮಾತ್ರ ದುಃಖ. ಪರೀಕ್ಷೆ ಪಾಸಾದೆ. ಬೆಳ್ತಂಗಡಿಯ ಸಂಬಂಧ ಜಾತಕ ಕೂಡದೆ ಮುರಿಯಿತು, ಮೀಸೆಯ ಸುದ್ದಿಯೇ ಬರಲಿಲ್ಲ. ಆದರೂ ನಾನು ಬೆಳ್ತಂಗಡಿಗೇ ಹೋದೆ, ಟ್ರೇನಿಂಗ್ ಮುಗಿಸಿ ಅಲ್ಲಿನ ಒಂದು ಶಾಲೆಗೆ ಟೀಚರಾಗಿ.

ರಜೆಯಲ್ಲಿ ಮೂಡುಬಿದಿರೆಗೆ ಬಂದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ನನ್ನೆದುರು ಮಾತ್ರ ಗದ್ದದಿಂದ ಕೈ ತೆಗೆದು ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿಯುವರು. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿಬಿಟ್ಟೆ. "ಆದ್ರೆ ಜೀವಮಾನ ಇಡೀ ಗಂಡನಿಗಿಂತ ಮೊದಲು ಏಳಬೇಕಲ್ಲ ಮಾರಾಯ್ತಿ" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಸಂಜೆಯ ಬಸ್ಸು ಹಿಡಿದು ಓಡುತ್ತಿದ್ದ ಈ ಹೆಂಗಸನ್ನು ಜಂಬದವಳೆಂದ ನಮ್ಮ ಬಾಯಿಗೆ ಬೂದಿ ಹಾಕಬೇಕು.

ಅರವತ್ತರ ದಶಕದ ಕೊನೆಗೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಅವರ ತಮ್ಮ ಬಂದು ಬಂಟ್ವಾಳದ ತಮ್ಮ ಮನೆಗೆ ಕರೆದುಕೊಂಡು ಹೋದರು. ಸುದ್ದಿ ತಿಳಿದು ನಾನು ಹೋದಾಗ ತಮ್ಮನ ಹೆಂಡತಿ ಜಗಲಿಯಲ್ಲೇ ಕಣ್ಣೀರು ಹಾಕಿದರು. "ಯಾರನ್ನೂ ಹತ್ತಿರ ಬಿಡುವುದಿಲ್ಲ. ಗಂಜಿ ಕೊಂಡುಹೋದರೆ ಹೊದಿಕೆ ಮುಖಕ್ಕೆ ಎಳ್ಕೊಳ್ತಾರೆ. ಮೂರು ದಿನ ಆಯ್ತು, ಹೊಟ್ಟೆಗೆ ಒಂದು ತೊಟ್ಟು ಇಲ್ಲ. ನಾನೇನು ತಪ್ಪು ಮಾಡಿದೆ ಅಂತ ಗೊತ್ತಿಲ್ಲ."

ಅವರ ತಪ್ಪೇನೂ ಇರಲಿಲ್ಲ. ಅದನ್ನು ಹೇಳುವ ಅಧಿಕಾರ ನನಗಿರಲಿಲ್ಲ.

ನೇರ ಪೇಟೆಗೆ ಹೋಗಿ ರೇಜರ್, ಬ್ಲೇಡು, ಸಾಬೂನು ಕೇಳಿದೆ. "ಯಜಮಾನರಿಗಾ?" ಎಂದರು ಅಂಗಡಿಯವರು. ಮದುವೆಯಾಗದ ನಾನು "ಹೌದು" ಎಂದೆ. ಮನೆಗೆ ಬಂದು ಒಂದು ಚೊಂಬು ಬಿಸಿನೀರು ಕೇಳಿ ಪಡೆದು, ಕೋಣೆಯ ಬಾಗಿಲು ಹಾಕಿದೆ. ಟೀಚರ್ ಗೋಡೆಯ ಕಡೆ ತಿರುಗಿದರು.

"ಟೀಚರ್, ನಾನು ಮಾತ್ರ" ಎಂದೆ.

ಹೊದಿಕೆ ಹಿಡಿದಿದ್ದ ಬೆರಳುಗಳು ನಿಧಾನವಾಗಿ ಸಡಿಲವಾದವು. ಗದ್ದಕ್ಕೆ ಸಾಬೂನು ಹಚ್ಚಿ ರೇಜರ್ ಹಿಡಿದೆ. ಅವರು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮುಖ ಒರೆಸಿ ಬಾಗಿಲು ತೆಗೆದೆ. ತಮ್ಮನ ಹೆಂಡತಿ ಗಂಜಿ ತಂದರು. ಅರ್ಧ ಬಟ್ಟಲು ಕುಡಿದರು. ಆಮೇಲೆ ಸೊಟ್ಟಗಾದ ಬಾಯಿಯಲ್ಲಿ ಕಷ್ಟಪಟ್ಟು ನನ್ನನ್ನು ಕೇಳಿದ್ದು ಒಂದೇ ಮಾತು: "ಶಾಲೆಗೆ ರಜೆ ಹಾಕಿದ್ದೀಯಾ?"

ಹಾಕಿದ್ದೆ. ಒಂಬತ್ತು ದಿನ ಅಲ್ಲೇ ನಿಂತೆ. ದಿನವೂ ಬೆಳಿಗ್ಗೆ ಮನೆಯವರು ಏಳುವ ಮೊದಲೇ ನಮ್ಮ ಕೆಲಸ ಮುಗಿಯುತ್ತಿತ್ತು. ಹತ್ತನೆಯ ದಿನ ನಾನು ಎದ್ದು ನೋಡುವಾಗ ಅವರ ಉಸಿರು ನಿಂತಿತ್ತು. ಯಾರನ್ನೂ ಕೂಡಲೇ ಕರೆಯಲಿಲ್ಲ. ಬಾಗಿಲು ಹಾಕಿ, ನೀರು ಮುಟ್ಟಿಸಿ, ಆ ದಿನದ ಕೆಲಸವನ್ನೂ ಮಾಡಿದೆ. ಆಮೇಲೆ ಅವರ ತಮ್ಮನನ್ನು ಎಬ್ಬಿಸಿದೆ.

ಮೀಯಿಸಲು ನೆರೆಯ ಹೆಂಗಸರು ಬಂದರು. ನೀರು ಹೊಯ್ಯುತ್ತಿದ್ದ ಒಬ್ಬ ಮುದುಕಿ ಅವರ ಮುಖದ ಮೇಲೆ ಕೈಯಾಡಿಸಿ, "ಎಂಥ ಚಂದದ ಮುಖ! ಮಗುವಿನ ಹಾಗೆ ಉಂಟು. ಇಂಥವರಿಗೆ ಮದುವೆ ಯಾಕೆ ಆಗ್ಲಿಲ್ಲ?" ಎಂದರು.

"ಅವರಿಗೆ ಬೇಡ ಅಂತ ಇತ್ತು" ಎಂದು ಹೇಳಿ, ತಂಬಿಗೆಗೆ ಪುನಃ ನೀರು ತುಂಬಿಸಿ ಕೊಟ್ಟೆ.